ನೆಲಕ್ಕೆ ಬೀಳದ ಹನಿ

ಗುಡ್ಡಪ್ಪ ಮಿಸ್ತ್ರಿ ತಲೆ ಎತ್ತಿ ನಡೆದದ್ದನ್ನು ನಾನಂತೂ ಕಂಡವಳಲ್ಲ. ಹಾಗೆಂದು ಯಾರಿಗೂ ತಗ್ಗಿ ನಡೆಯುವ ಆಸಾಮಿಯಲ್ಲ. ಜಗಳಕ್ಕೆ ನಿಂತರೆ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ತುಂಬ ಕೇಳಿಸುವಂಥ ಗಂಟಲು ಅವರದು. ಆದರೆ ಕಣ್ಣು ಮಾತ್ರ ಸದಾ ನೆಲದ ಮೇಲೆ. ಕಾರು, ಲಾರಿ, ಟ್ರ್ಯಾಕ್ಟರು ನಿಂತು ಹೋದ ಜಾಗದಲ್ಲಿ ಬಿದ್ದ ಕಲೆಗಳನ್ನು ಅವರು ಓದುತ್ತಿದ್ದರು, ಬೇರೆಯವರು ಪೇಪರ್ ಓದುವ ಹಾಗೆ. ಮದುವೆಗೆ ಕರೆದರೆ ಸೀದಾ ಹಂದರಕ್ಕೆ ಬರುತ್ತಿರಲಿಲ್ಲ. ಮೊದಲು ಗಾಡಿಗಳು ನಿಂತ ಬಯಲಿಗೆ ಹೋಗಿ ಒಂದು ಸುತ್ತು ಹಾಕಿ, ಆಮೇಲೆ ಬಂದು ಅಕ್ಕಿಕಾಳು ಹಾಕುವರು. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಬೀಗರಿಗೆ, ಪರಿಚಯ ಇರಲಿ ಬಿಡಲಿ, ಹೇಳಿಯೇ ಬಿಡುವರು: “ಆ ಬೂದಿ ಬಣ್ಣದ ಗಾಡಿ ನಿಮ್ದಲ್ರಿ? ಬ್ರೇಕ್ ಆಯಿಲ್ ಸೋರಾಕತ್ತೈತಿ. ಹೋಳಿಗಿ ಆಮ್ಯಾಲ ಉಣ್ಣೂರಂತ, ಮೊದಲ ಡ್ರೈವರಗ ಹೇಳಿ ಬರ್ರಿ.”

ಬೀಗರು ಮುಖ ಗಂಟಿಕ್ಕಿಕೊಂಡರೆ ಅವರಿಗೇನೂ ಅನ್ನಿಸುತ್ತಿರಲಿಲ್ಲ. “ನಾ ಹೇಳೂದಲ್ರಿ ಇದು, ನೆಲ ಹೇಳತೈತಿ. ಮಾಲಕ ಸುಳ್ಳ ಹೇಳತಾನ, ಡ್ರೈವರ ಸುಳ್ಳ ಹೇಳತಾನ, ಮಿಸ್ತ್ರಿ ಅಂತೂ ಹೇಳೇ ಹೇಳತಾನ. ನೆಲ ಹೇಳಂಗಿಲ್ಲ.” ಇದು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುವ ಮಾತು.

ಅವರ ಗ್ಯಾರೇಜು ರಾಣೆಬೆನ್ನೂರಿನಲ್ಲಿ, ರೈಲ್ವೆ ಸ್ಟೇಶನ್ ಕಡೆಯ ಒಂದು ಓಣಿಯಲ್ಲಿತ್ತು. ಗ್ಯಾರೇಜೆಂದರೆ ಒಂದು ತಗಡಿನ ಶೆಡ್ಡು, ಅದರ ಮುಂದೊಂದು ಬೇವಿನ ಗಿಡ. ನಮ್ಮಪ್ಪ ಬ್ಯಾಡಗಿಯಿಂದ ಅಲ್ಲಿಯವರೆಗೆ ಕಾರು ಒಯ್ಯುತ್ತಿದ್ದುದು ಗುಡ್ಡಪ್ಪನವರ ಕೈಗುಣಕ್ಕಿಂತ ಹೆಚ್ಚಾಗಿ ಅವರ ಮಾತಿಗೆ. ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಕೂತರೆ ಕಾರಿನ ರಿಪೇರಿ ಒಂದು ನೆಪ. ಅಪ್ಪ ತೀರಿಕೊಂಡ ಮೇಲೆ ಮೆಣಸಿನಕಾಯಿ ದಲಾಲಿ ಅಂಗಡಿಯೂ, ಆ ಹಳೆಯ ಬಿಳಿ ಕಾರೂ, ಅವ್ವನೂ ನನ್ನ ಪಾಲಿಗೆ ಬಂದರು. ಮೂರರಲ್ಲಿ ಯಾವುದು ಹೆಚ್ಚು ಹಟಮಾರಿ ಎಂದು ಕೇಳಿದರೆ ಈಗಲೂ ಹೇಳಲಾರೆ.

ಕಾರಿನ ಬಗ್ಗೆ ಒಂದು ಮಾತು ಹೇಳಬೇಕು. ಬ್ಯಾಡಗಿಯಲ್ಲಿ ದಲಾಲಿ ಮಾಡುವವರ ಕಾರು ಕಾರಾಗಿ ಉಳಿಯುವುದಿಲ್ಲ. ಸ್ಯಾಂಪಲ್ ಚೀಲಗಳು ಮುಂದಿನ ಸೀಟಿನ ಕಾಲಬುಡದಲ್ಲಿ ಒಂದು, ಹಿಂದೆ ನಾಲ್ಕು, ಡಿಕ್ಕಿಯಲ್ಲಿ ಇನ್ನಷ್ಟು ಇರಲೇಬೇಕು. ಹೊಸಬರು ಹತ್ತಿದರೆ ಸೀನುತ್ತಲೇ ಇಳಿಯುತ್ತಾರೆ. ಕೆಳಗೆ ಹಾಸಿದ ಮ್ಯಾಟು ಮೂಲದಲ್ಲಿ ಯಾವ ಬಣ್ಣದ್ದಿತ್ತೆಂದು ನಮಗೇ ನೆನಪಿಲ್ಲ. ಕೆಂಪು ನಮಗೆ ಕಣ್ಣಿಗೆ ಬೀಳುವ ಬಣ್ಣವಲ್ಲ. ಸೀರೆಯ ಅಂಚಿಗೆ, ಉಗುರಿಗೆ, ಮಂಚದ ಚಾದರಕ್ಕೆ ಎಲ್ಲಿ ಕೆಂಪು ಕಂಡರೂ ಕೊಡವಿ ಮುಂದೆ ಹೋಗುತ್ತೇವೆ.

ಅವ್ವನ ಎರಡೂ ಕಿಡ್ನಿ ಕೈಕೊಟ್ಟದ್ದು ಸಕ್ಕರೆ ಕಾಯಿಲೆಯಿಂದ. ವಾರಕ್ಕೆರಡು ಸಲ ಹಾವೇರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ಬಸ್ಸಿನಲ್ಲಿ ಆಗುವ ಮಾತಲ್ಲ. ಬಾಡಿಗೆ ಗಾಡಿ ಮಾಡಿ ನೋಡಿದೆವು. ಬರುವಾಗ ಅವ್ವನಿಗೆ ವಾಂತಿಯಾಯಿತು, ಆ ಡ್ರೈವರ್ ಮೂಗು ಮುಚ್ಚಿಕೊಂಡ. ಅವ್ವ ಮತ್ತೆ ಬೇರೆಯವರ ಗಾಡಿ ಹತ್ತಲಿಲ್ಲ. “ನಿಮ್ಮಪ್ಪನ ಗಾಡ್ಯಾಗ ವಾಂತಿ ಮಾಡಿಕೊಂಡ್ರ ಯಾರೂ ಕೇಳಂಗಿಲ್ಲ,” ಎಂದಳು. ಹೊಸದು ತೆಗೆದುಕೊಳ್ಳೋಣವೆಂದರೆ, “ನಾ ಹ್ವಾದ ಮ್ಯಾಲ ತಗೊ, ಆರಾಮ ಅಡ್ಯಾಡು,” ಎಂದು ಬಾಯಿ ಮುಚ್ಚಿಸಿದಳು. ಹಾಗಾಗಿ ಅಪ್ಪನ ಕಾರು, ಮುಂದಿನ ಸೀಟು, ಸೀಟನ್ನು ಹಿಂದಕ್ಕೆ ಒರಗಿಸಿ ಬೆನ್ನಿಗೊಂದು ದಿಂಬು.

ಆ ಕಾರೇ ಒಂದು ದಿನ ಮೋಟೆಬೆನ್ನೂರು ದಾಟಿದ ಮೇಲೆ ಹೊಗೆಯುಗುಳಿ ನಿಂತಿತು. ಇಂಜಿನ್ನಿನಲ್ಲಿ ನೀರೆಲ್ಲ ಖಾಲಿ. ಅದು ತಣ್ಣಗಾಗಿ, ನೀರು ತಂದು ಸುರಿದು ಹಾವೇರಿ ಮುಟ್ಟುವಷ್ಟರಲ್ಲಿ ಅವ್ವನ ಸರದಿ ಮುಗಿದಿತ್ತು. ಅಂದು ಸಂಜೆಗೆ ಅವಳ ಮುಖ ಬಾತು, ಮಲಗಿದರೆ ಉಸಿರು ಕಟ್ಟಿ, ರಾತ್ರಿಯಿಡೀ ಗೋಡೆಗೊರಗಿ ಕೂತಿದ್ದಳು. ಆ ಉಸಿರಿನ ಸದ್ದು ಕೇಳಿದ ಮೇಲೆ ನನಗೆ ಭಯ ಹೊಕ್ಕಿತು. ಮತ್ತೊಮ್ಮೆ ಕಾರು ನಿಂತರೆ ಅವ್ವ ಉಳಿಯುವುದಿಲ್ಲ ಎಂದು ಗೊತ್ತಾಯಿತು.

ಮರುದಿನವೇ ರಾಣೆಬೆನ್ನೂರಿಗೆ ಒಯ್ದೆ. ಗುಡ್ಡಪ್ಪನವರು ಎಲ್ಲ ಕೇಳಿಸಿಕೊಂಡು, ಕಾರಿನ ಕೆಳಗೆ ಒಂದು ಅಗಲವಾದ ರಟ್ಟು ಹಾಸಿ, ಇಂಜಿನ್ ಚಾಲು ಮಾಡಿ, ಬೇವಿನ ಗಿಡದಡಿ ಕುಕ್ಕರಗಾಲಲ್ಲಿ ಕೂತರು. ಚಹಾ ಬಂತು, ಬಸಿಯಲ್ಲಿ ಸುರಿದುಕೊಂಡು ಕುಡಿದರು. ರಟ್ಟನ್ನು ಎಳೆದು ನೋಡಿದರು. ಒಂದು ಹನಿಯೂ ಇರಲಿಲ್ಲ.

“ಸೋರಾಕತ್ತೈತಿ ಅಂತೀರಿ. ನೆಲ ಇಲ್ಲ ಅಂತೈತಿ,” ಎಂದು ನನ್ನನ್ನೇ ಸಂಶಯದಿಂದ ನೋಡಿದರು.

ಅಲ್ಲಿಂದ ಶುರುವಾಯಿತು. ರೇಡಿಯೇಟರಿನ ಮುಚ್ಚಳ ಬದಲಾಯಿತು. ರಬ್ಬರಿನ ಪೈಪುಗಳೆಲ್ಲ ಬದಲಾದವು. ರೇಡಿಯೇಟರ್ ಬಿಚ್ಚಿ ಬೆಸುಗೆಯವನ ಹತ್ತಿರ ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿದ್ದಾಯಿತು. ನೀರಿನ ಪಂಪು ಹೊಸದು ಬಂತು. ಪ್ರತಿ ಸಲವೂ “ಈಗ ಮುಗೀತ್ ನೋಡ್ರಿ ಇದರ ಆಟ” ಎನ್ನುವರು, ಪ್ರತಿ ಸಲವೂ ಹಾವೇರಿಗೆ ಹೋಗಿ ಬರುವಷ್ಟರಲ್ಲಿ ನೀರು ಇಳಿದಿರುತ್ತಿತ್ತು. ಕೊನೆಗೆ ಇಂಜಿನ್ನೇ ಒಳಗೊಳಗೆ ನೀರು ಕುಡಿಯುತ್ತಿದೆ ಎಂದು ತೀರ್ಮಾನಿಸಿ ಅದರ ತಲೆಯನ್ನೂ ಬಿಚ್ಚಿದರು. ಅದೂ ಸರಿಯಾಗಿಯೇ ಇತ್ತು. ಅಂದು ಗುಡ್ಡಪ್ಪನವರು ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಎಸೆದು ಕಾರಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೈದು ಮುಗಿಸಿ, ಹೆಗಲ ಟಾವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಅಕ್ಕಾರ, ನಿಮ್ಮ ಅವ್ವಾರು ಮುಂದಿನ ಸಲ ಯಾವತ್ತು ಹೋಗ್ತಾರ?”

“ನಾಳೆ.”

“ನಾಳೆ ನಾ ಮೋಟೆಬೆನ್ನೂರ ಕ್ರಾಸಿಗೆ ನಿಂತಿರ್ತೇನಿ. ಸೋರಿದ್ರ ಸೋರ್ಲಿ. ನಾ ಗಾಡ್ಯಾಗ ಇದ್ರ ನಿಲ್ಲಂಗಿಲ್ಲ.”

ನನಗಿಂತ ಎಷ್ಟೋ ವರ್ಷ ದೊಡ್ಡವರು. ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಕ್ರಾಸಿಗೆ ಬರುತ್ತೇನೆಂದದ್ದು ಬಾಯಿಮಾತಿಗೆ ಇರಬೇಕೆಂದುಕೊಂಡೆ. ಮರುದಿನ ಬ್ಯಾಡಗಿಯ ರಸ್ತೆ ಹೈವೇಗೆ ಕೂಡುವಲ್ಲಿ, ರಾಣೆಬೆನ್ನೂರಿನ ಬಸ್ಸಿನಿಂದ ಇಳಿದು, ಕೈಯಲ್ಲೊಂದು ಕ್ಯಾನು ಹಿಡಿದು, ನೆಲ ನೋಡುತ್ತ ನಿಂತಿದ್ದರು. ಹಿಂದಿನ ಸೀಟಿನಲ್ಲಿ ಚೀಲಗಳನ್ನು ಸರಿಸಿ ಕೂತರು, ಸೀನಿದರು, “ಅವ್ವಾರ, ನಡೀರಿ ಹೋಗೂನು,” ಎಂದರು. ಆ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಹಾಗೆಯೇ ನಡೆಯಿತು.

ಆ ಮೊದಲ ದಿನವೇ ಒಂದು ಪ್ರಸಂಗ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ನೀರು ಕುಡಿಯುವುದಕ್ಕೆ ಕಟ್ಟಳೆ ಇರುತ್ತದೆ. ಅವ್ವನಿಗೆ ದಿನವಿಡೀ ಸೇರಿ ಒಂದು ಸಣ್ಣ ತಂಬಿಗೆ. ಅದನ್ನವಳು ಗುಟುಕು ಗುಟುಕಾಗಿ ಸಂಜೆಯವರೆಗೆ ಎಳೆಯುತ್ತಿದ್ದಳು. ಬೇಸಗೆ ಬೇರೆ. ದಾರಿಯಲ್ಲಿ ನಿಲ್ಲಿಸಿ ಗುಡ್ಡಪ್ಪನವರು ಕ್ಯಾನು ಎತ್ತಿದಾಗ ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಳು. ಬರೀ ನೀರು ಹಾಕಿದರೆ ಇಂಜಿನ್ನಿಗೆ ತುಕ್ಕು ಹಿಡಿಯುತ್ತದೆಂದು ಅವರು ಕೆಂಪು ಕೂಲಂಟ್ ಬೆರೆಸಿ ತಂದಿದ್ದರು. ಬಿಸಿಲಿಗೆ ಅದು ಗುಲಾಬಿ ಬಣ್ಣದಲ್ಲಿ ಹೊಳೆಯುತ್ತ ಗಳಗಳ ಎಂದು ಒಳಗಿಳಿಯಿತು.

“ನೋಡ ಗಿರಿಜಾ,” ಎಂದಳು ಅವ್ವ, “ಗಾಡಿಗೆ ಕೊಡ ತುಂಬ ಶರಬತ್ತು. ನನಗ ಗುಟುಕು ನೀರಿಗೆ ಲೆಕ್ಕಾ ಕೇಳ್ತೀರಿ.”

ನಕ್ಕುಕೊಂಡೇ ಅಂದಳು. ಗುಡ್ಡಪ್ಪನವರು ಮಾತ್ರ ನಗಲಿಲ್ಲ. ಕ್ಯಾನಿನ ಬಿರಡೆ ಹಾಕಿ, ಬಾನೆಟ್ಟು ಮುಚ್ಚಿ, ಹಿಂದಿನ ಸೀಟಿಗೆ ಹೋಗಿ ಕೂತರು. ಅಂದಿನಿಂದ ಆ ಕ್ಯಾನು ಗೋಣಿಚೀಲದೊಳಗೆ ಹೋಯಿತು. ಎಲ್ಲಿ ನಿಲ್ಲಿಸಿದರೂ ಮೊದಲು ಬಾನೆಟ್ಟು ಎತ್ತಿ, ಅದರ ಮರೆಯಲ್ಲಿ ಸುರಿಯುವರು. ಸುರಿಯುವ ಸದ್ದೂ ಅವಳ ಕಿವಿಗೆ ಬೀಳಬಾರದೆಂದು ಜೋರಾಗಿ ಕಾರಿಗೆ ಬೈಯುತ್ತಲೇ ಇರುವರು. “ಭಾಡಕೋವ್, ನಿನ್ನ ಗುಜರಿಗೆ ಹಾಕ್ತೇನ್ ನೋಡ! ನಿನ್ನ ಮಾರಿಗಿಷ್ಟು!” ಹೈವೇಯಲ್ಲಿ ಹೋಗುವವರು ಯಾರೋ ಹೊಡೆದಾಡುತ್ತಿದ್ದಾರೆಂದು ಗಾಡಿ ನಿಧಾನ ಮಾಡುತ್ತಿದ್ದರು. ಅವ್ವನಿಗೆ ಎಲ್ಲ ಗೊತ್ತಿತ್ತು. “ನೀರಿನ ಸಪ್ಪಳ ಕೇಳಬಾರದಂತ ಒದರ್ತಾನ, ಹುಚ್ಚಪ್ಪ,” ಎಂದು ನನ್ನ ಕಡೆ ವಾಲಿ ಪಿಸುಗುಡುವಳು. ಅವಳ ಎದುರಿಗೆ ಅವರು ಒಂದು ಲೋಟ ನೀರು ಕುಡಿದದ್ದನ್ನು ನಾನು ನೋಡಲಿಲ್ಲ. ಚಹಾ ಕೂಡ ಆಸ್ಪತ್ರೆಯ ಗೇಟಿನಾಚೆ ಹೋಗಿ ಕುಡಿದು, ಬಾಯಿ ಒರೆಸಿಕೊಂಡು ಬರುತ್ತಿದ್ದರು.

ಅವ್ವನ ತವರು ಗುತ್ತಲದ ಕಡೆ. ಗುಡ್ಡಪ್ಪನವರ ಊರೂ ಗುತ್ತಲವೇ. ಅಲ್ಲಿ ಅವರ ಅಣ್ಣನ ಮನೆಯಿತ್ತು, ಆಗಾಗ ಹೋಗಿ ಬರುತ್ತಿದ್ದರು. ಅದು ತಿಳಿದದ್ದೇ ತಡ ಅವ್ವ ಅವರನ್ನು ತಮ್ಮಾ ಎನ್ನತೊಡಗಿದಳು. ಪ್ರತಿ ಸಲ ಕೇಳುವಳು: “ಹೊಳಿ ತುಂಬೈತೇನೋ ತಮ್ಮಾ?”

“ಎಲ್ಲೀ ಹೊಳಿರಿ ಅವ್ವಾರ. ಬರೇ ಉಸುಕು. ದನಾ ಅಡ್ಯಾಡ್ತಾವು.”

ಆಷಾಢದಲ್ಲಿ ತುಂಗಭದ್ರೆ ದಂಡೆ ಮೀರಿ ಹರಿಯುತ್ತಿತ್ತು, ಹೊಲಗಳಿಗೆ ನೀರು ನುಗ್ಗಿದ ಚಿತ್ರ ಪೇಪರಿನಲ್ಲಿ ಬಂದಿತ್ತು. ಅಂದೂ ಅವ್ವ ಕೇಳಿದಳು. ಗುಡ್ಡಪ್ಪನವರು ಕಣ್ಣು ಮಿಟುಕಿಸದೆ, “ಉಸುಕ್ರಿ. ಮಳೀನ ಇಲ್ಲ,” ಎಂದರು. ಹೊರಗೆ ಮಳೆ ಸುರಿಯುತ್ತಿತ್ತು. ವೈಪರ್ ಸಾಲದೆ, ಗಾಜಿನ ಒಳಮೈಗೆ ಕಟ್ಟಿದ ಮಬ್ಬನ್ನು ಅವರೇ ಹಿಂದಿನಿಂದ ಕೈಚಾಚಿ ಬಟ್ಟೆಯಿಂದ ಒರೆಸುತ್ತಿದ್ದರು. ಅವ್ವ ಅವರ ಮುಖ ನೋಡಿ, “ಹೌದ್ ಬಿಡು,” ಎಂದಳು.

ಇಂಜಿನ್ನಿನ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ಆ ಮಬ್ಬಿನಲ್ಲೇ ಉತ್ತರವಿತ್ತು. ಒರೆಸಿದರೂ ಜಿಡ್ಡು ಜಿಡ್ಡಾಗಿ ಉಳಿಯುತ್ತಿತ್ತು. ಮಳೆಗಾಲ, ಮೂವರ ಉಸಿರು, ಇನ್ನೇನು ಎಂದುಕೊಂಡೆವು. ಇನ್ನೊಂದು ಉತ್ತರ ಅವ್ವನ ಪಾದದಲ್ಲಿತ್ತು. ಆಸ್ಪತ್ರೆಯಿಂದ ಬಂದು ಕಾಲು ತೊಳೆಸುವಾಗ ಅಂಗಾಲು ಕೆಂಪಗೆ, ಅಂಟಂಟಾಗಿ ಇರುತ್ತಿತ್ತು. ಕಾರಿನಲ್ಲಿ ಅವಳು ಚಪ್ಪಲಿ ಬಿಟ್ಟು ಕೂಡುತ್ತಿದ್ದಳು, ಕಾಲು ಬಾತಿರುತ್ತಿದ್ದವಲ್ಲ. ಕಾಲಬುಡದಲ್ಲಿ ಸ್ಯಾಂಪಲ್ ಚೀಲ. ಹಾಳಾದ ಮೆಣಸಿನಕಾಯಿ ಎಂದು ಬೈದು ತೊಳೆದುಬಿಡುತ್ತಿದ್ದೆ. ಸಕ್ಕರೆ ಕಾಯಿಲೆಯಿಂದ ಅವಳ ಪಾದಗಳಿಗೆ ಬಿಸಿ, ತಂಪು, ಹಸಿ ಏನೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಬೇರೆ ಯಾವ ಊರಿನವರಾಗಿದ್ದರೂ ಆ ಕೆಂಪು ಕಂಡು ಮೊದಲ ದಿನವೇ ಹೌಹಾರುತ್ತಿದ್ದರು. ನಾವು ಬ್ಯಾಡಗಿಯವರು.

ಹೌಹಾರಿದ್ದು ಹಾವೇರಿಯ ಸಿಸ್ಟರ್. ಡಯಾಲಿಸಿಸ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಂದು ದಿನ ಅವ್ವನನ್ನು ತೋಳು ಹಿಡಿದು ನಡೆಸಿಕೊಂಡು ಹೋಗಿ ಮಂಚಕ್ಕೆ ಹತ್ತಿಸಿದೆ. ಸಿಸ್ಟರ್ ಕಾಲೆತ್ತಿ ಇಟ್ಟವರೇ, “ಅಯ್ಯೋ, ಅಜ್ಜಿ ಕಾಲಾಗ ರಕ್ತ ಬರಾಕತ್ತೈತಲ್ರಿ! ಗಾಯ ಆಗೈತೇನು?” ಎಂದು ಕೂಗಿದರು. ಸಕ್ಕರೆ ಇರುವವರ ಕಾಲಿಗೆ ಗಾಯವೆಂದರೆ ಏನೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ಮೆಣಸಿನಕಾಯಿ ಬಣ್ಣ ಸಿಸ್ಟರ್, ನಮ್ಮ ಗಾಡ್ಯಾಗ ಚೀಲಾ ಇರ್ತಾವು,” ಎಂದೆ ನಾನು.

ಹೊದಿಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಗುಡ್ಡಪ್ಪನವರು ಒಳಗೆ ಬರಲಿಲ್ಲ. ಅವರು ಎಂದಿನಂತೆ ನೆಲ ನೋಡುತ್ತಿದ್ದರು. ಬಿಳಿಯ ಟೈಲ್ಸಿನ ಮೇಲೆ ಬಾಗಿಲಿನಿಂದ ಮಂಚದವರೆಗೆ ಅವ್ವನ ಹೆಜ್ಜೆಗಳು ಎಂದೂ ಇಲ್ಲದ ಹಾಗೆ ಗುಲಾಬಿ ಬಣ್ಣದಲ್ಲಿ ಒದ್ದೆಯಾಗಿ ಮೂಡಿದ್ದವು. ಅವರು ಮಂಡಿಯೂರಿ ಒಂದು ಹೆಜ್ಜೆಗೆ ಬೆರಳು ಹಚ್ಚಿ ಮೂಸಿದರು. ನಮ್ಮ ಕಾರಿನಲ್ಲಿ ಮೆಣಸಿನಕಾಯಿ ಘಾಟಿನ ನಡುವೆ ಎಂದೂ ಸಿಗದ ಕೂಲಂಟಿನ ಸಿಹಿ ವಾಸನೆ ಅಲ್ಲಿ, ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ, ಸಿಕ್ಕಿತು.

“ರಕ್ತ ಅಲ್ರಿ ಸಿಸ್ಟರ್,” ಎಂದರು. ಅವರ ಗಂಟಲೇ ಅಲ್ಲ ಅದು, ಅಷ್ಟು ಸಣ್ಣಗಾಗಿತ್ತು. “ಅವ್ವಾರದಲ್ಲ. ನಮ್ಮ ಗಾಡೀದು ಇದು.”

ನಾನು ಹೊರಗೆ ಬರುವಷ್ಟರಲ್ಲಿ ಅವರು ಕಾರಿನ ಮುಂದಿನ ಬಾಗಿಲು ತೆಗೆದು, ಚೀಲ ಎಳೆದು ಬಿಸಾಕಿ, ಮ್ಯಾಟು ಎತ್ತಿದ್ದರು. ಕೆಳಗಿನ ಹಾಸು ಹಿಂಡಿದರೆ ಸುರಿಯುವಷ್ಟು ನೆನೆದಿತ್ತು. ಕಾರಿನ ಮುಂಭಾಗದಲ್ಲಿ, ಕಾಗದಪತ್ರ ಇಡುವ ಖಾನೆಯ ಹಿಂದೆ, ಇನ್ನೊಂದು ಪುಟ್ಟ ರೇಡಿಯೇಟರ್ ಇರುತ್ತದೆ. ಚಳಿಯಲ್ಲಿ ಒಳಗೆ ಬಿಸಿಗಾಳಿ ಬಿಡಲು. ನಾವು ಹೀಟರ್ ಹಚ್ಚಲಿ ಬಿಡಲಿ, ಇಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುತ್ತಲೇ ಇರುತ್ತದೆ. ಅದು ತೂತಾಗಿತ್ತು. ನಮ್ಮ ಸೀಮೆಯಲ್ಲಿ ಕಾರಿನ ಹೀಟರ್ ಯಾರು ಹಚ್ಚುತ್ತಾರೆ? ಅಂಥದೊಂದು ಇದೆ ಎಂಬುದನ್ನೇ ಗುಡ್ಡಪ್ಪನವರು ಮರೆತಿದ್ದರು.

ಅವರು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತರು.

“ತಿಂಗಳಗಟ್ಲೆ ಗಾಡಿ ಬುಡಕ ಹೊಕ್ಕು ಹುಡುಕಿದ್ನಲ್ರಿ ಅಕ್ಕಾರ,” ಎಂದರು. “ಅದು ಅವ್ವಾರ ಕಾಲ ಮ್ಯಾಲ ಬೀಳಾಕತ್ತಿತ್ತು. ನೆಲಕ್ಕ ಬೀಳಲಿಲ್ಲ ಅಂತ ಸೋರಾಕತ್ತಿಲ್ಲ ಅಂದ್ನಿ. ಎಂಥಾ ಮಿಸ್ತ್ರಿ ನಾ?”

ಆ ಕಾಲನ್ನು ತೊಳೆದವಳು ನಾನೇ.

ರಿಪೇರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಪುಟ್ಟ ರೇಡಿಯೇಟರಿಗೆ ಹೋಗುವ ಪೈಪು, ಅಲ್ಲಿಂದ ಬರುವ ಪೈಪು ಎರಡನ್ನೂ ಕಿತ್ತು ಒಂದಕ್ಕೊಂದು ಜೋಡಿಸಿ ಬಿಗಿದರು. ನೀರು ಇನ್ನು ಅತ್ತ ಹೋಗುವಂತೆಯೇ ಇರಲಿಲ್ಲ. ಡಯಾಲಿಸಿಸ್ ಮುಗಿಸಿ ಅವ್ವ ಹೊರಗೆ ಬಂದಾಗ ಗುಡ್ಡಪ್ಪನವರು ನಳದಿಂದ ಬಕೆಟ್ ತುಂಬಿಸಿ ತಂದಿದ್ದರು. ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ತಾವು ಕೆಳಗೆ ಕೂತು, ಸಾಬೂನು ಹಚ್ಚಿ ಆ ಪಾದಗಳನ್ನು ತೊಳೆದರು. ಆ ಶರಬತ್ತಿನ ಮಾತಿನ ನಂತರ ಅವಳ ಎದುರಿಗೆ ಅವರು ನೀರು ಸುರಿದದ್ದು ಅದೊಂದೇ ಸಲ.

“ಬಿಡೋ ತಮ್ಮಾ, ಮಂದಿ ನೋಡಾಕತ್ತಾರ,” ಎಂದಳು ಅವ್ವ ನಾಚಿ. ಆಮೇಲೆ ಅವರ ಮುಖ ನೋಡಿ, “ಅಳಬ್ಯಾಡ. ಬಾಯಿಗಿಲ್ದಿದ್ರ ಏನಾತು, ಕಾಲಿಗರ ನೀರು ಸಿಕ್ತಲ್ಲ,” ಎಂದಳು.

ಸೋರುವುದು ನಿಂತಿತು. ಕ್ಯಾನು ಬೇಕಿರಲಿಲ್ಲ, ಮಿಸ್ತ್ರಿಯೂ ಬೇಕಿರಲಿಲ್ಲ. ಮುಂದಿನ ಸಲ ಹೋಗುವಾಗ ಕ್ರಾಸ್ ಹತ್ತಿರ ಬಂದಂತೆ ಅವ್ವ ಸೀಟಿನಲ್ಲಿ ಎದ್ದು ಕೂತು ನೋಡತೊಡಗಿದಳು. ಅವರು ಅಲ್ಲಿಯೇ ನಿಂತಿದ್ದರು. “ಜಾಯಿಂಟ್ ಹೊಸಾದ್ರಿ, ಒಂದೀಟು ನೋಡ್ಬೇಕಾಗತೈತಿ,” ಎಂದು ಹತ್ತಿ ಕೂತರು. ಆ ಜಾಯಿಂಟನ್ನು ಅವರು ಎಲ್ಲಿಯೂ ಇಳಿದು ನೋಡಲಿಲ್ಲ.

ದೀಪಾವಳಿ ಕಳೆದ ಮೇಲೆ ಅವ್ವನಿಗೆ ಚಳಿ ಹೆಚ್ಚಾಯಿತು. ರಕ್ತವೆಲ್ಲ ಮಷಿನ್ನಿಗೆ ಹೋಗಿ ಬರುತ್ತದಲ್ಲ, ಮುಗಿಸಿ ಎದ್ದಾಗ ಗಡಗಡ ನಡುಗುವಳು. ಹೊದಿಕೆ, ಅದರ ಮೇಲೆ ಶಾಲು, ಕಾಲಿಗೆ ಉಣ್ಣೆಯ ಚೀಲ. ಆದರೂ ಬ್ಯಾಡಗಿ ಬರುವವರೆಗೆ ಹಲ್ಲು ಕಟಕಟ. ಹಾಗೆ ಬರುವಾಗ ಒಮ್ಮೆ, ಪಾದದಲ್ಲಿ ಸ್ಪರ್ಶವೇ ಇಲ್ಲ ಎನ್ನುತ್ತಿದ್ದವಳು, “ಕಾಲ ಒಳಗ ಎಲವು ಥಂಡಿ ಹಿಡದಾವೋ,” ಎಂದು ನರಳಿದಳು. ಹಿಂದೆ ಕೂತ ಗುಡ್ಡಪ್ಪನವರು ಮುಂದಕ್ಕೆ ಬಗ್ಗಿ ಕೇಳಿದರು: “ಅವ್ವಾರ, ಕಾಲಿಗೆ ಬಿಸಿ ಗಾಳಿ ಬಂದ್ರ ಆರಾಮ ಅನಸ್ತೈತೇನ್ರಿ?”

“ಅನಸದ ಏನು. ಒಲಿ ತಂದಿಡ್ತೀಯೇನು ಗಾಡ್ಯಾಗ?”

“ಒಲೀನ ಐತ್ರಿ. ನಾನ ಬಂದ್ ಮಾಡೇನಿ,” ಎಂದರು.

ಅಂದಿನಿಂದ ಆ ಪುಟ್ಟ ರೇಡಿಯೇಟರಿನ ಹುಡುಕಾಟ. ಕಾರು ಹಳೆಯದು, ಕಂಪನಿಯವರು ಆ ಮಾಡೆಲ್ ಬಿಟ್ಟು ಕಾಲವಾಗಿತ್ತು. ದಾವಣಗೆರೆಯ ಗುಜರಿ, ಹುಬ್ಬಳ್ಳಿಯ ಗುಜರಿ ಎಲ್ಲ ತಿರುಗಿದರು. ಒಂದು ತಂದರು, ಗಾತ್ರ ಕೂಡಲಿಲ್ಲ. ಇನ್ನೊಂದು ತಂದರು, ಅದೇ ತೂತು. ನಮ್ಮದನ್ನೇ ಬೆಸೆಯಿಸಿ ನೋಡಿದರು; ಬೆಸುಗೆ ಹಿಡಿಯುವಷ್ಟು ತಗಡು ಅದರಲ್ಲಿ ಉಳಿದಿರಲಿಲ್ಲ. ಅವ್ವ ಈಗ ಹೊಳೆಯ ಸುದ್ದಿ ಕೇಳುವುದು ಬಿಟ್ಟಿದ್ದಳು. ಕ್ರಾಸಿನಲ್ಲಿ ಅವರು ಹತ್ತಿದ ಕೂಡಲೇ, “ಸಿಕ್ತೇನೋ?” ಎನ್ನುವಳು. “ಮುಂದಿನ ವಾರ ಪಕ್ಕಾ ಅವ್ವಾರ. ಹುಬ್ಬಳ್ಳ್ಯಾಗ ಒಬ್ಬಾಂವ ಕೊಡ್ತೇನಿ ಅಂದಾನ.” ಬದುಕಿನಲ್ಲಿ ಅವಳು ಎದುರು ನೋಡುತ್ತಿದ್ದದ್ದು ಆಗ ಅದೊಂದೇ ಇತ್ತೇನೋ. ನೆರೆಮನೆಯವರಿಗೂ ಹೇಳಿಕೊಂಡಿದ್ದಳು: ನಮ್ಮ ತಮ್ಮ ಗಾಡಿಗೆ ಒಲಿ ಹಚ್ಚಾಂವ ಅದಾನ.

ಸಂಕ್ರಾಂತಿ ಮುಗಿದ ವಾರ ಅವ್ವ ಹೋದಳು. ಎದೆಗೆ ಕಫ ಕಟ್ಟಿತು, ಹಾವೇರಿಯಲ್ಲೇ, ಬೆಳಗಿನ ಹೊತ್ತು. ಕಾರು ನಿಂತು ಹೋಗಿ ಅಲ್ಲ. ಮಿಸ್ತ್ರಿ ಜತೆಗೆ ಬರತೊಡಗಿದ ಮೇಲೆ ಕಾರು ಎಂದೂ ಕೆಟ್ಟು ನಿಲ್ಲಲಿಲ್ಲ. ಗುಡ್ಡಪ್ಪನವರು ಕೊಟ್ಟ ಮಾತು ಉಳಿಸಿಕೊಂಡಿದ್ದರು. ಮಣ್ಣಿಗೆ ಬಂದರು, ಹಿಡಿ ಮಣ್ಣು ಹಾಕಿದರು, ನನ್ನ ಹತ್ತಿರ ಮಾತಾಡದೆ ಹೊರಟುಹೋದರು. ನನಗೆ ಸ್ವಲ್ಪ ಬೇಸರವೂ ಆಯಿತು.

ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಅವರೂ ಹೋದರು. ಗುತ್ತಲದಲ್ಲಿ ಅಣ್ಣನ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಈಗ ರಾಣೆಬೆನ್ನೂರಿಗೆ ಹೋದರೆ ಆ ಓಣಿಗೆ ಹೋಗುವುದಿಲ್ಲ. ಹೋಗಲು ಆಗುವುದಿಲ್ಲ. ಹಾಗಾಗಿ ನಾನು ಅವರನ್ನು ಕಡೆಯದಾಗಿ ಕಂಡದ್ದು ಅದಕ್ಕೂ ಮುಂಚೆ, ಏಪ್ರಿಲ್ಲಿನಲ್ಲಿ, ನಮ್ಮ ಮನೆಯ ಅಂಗಳದಲ್ಲಿ.

ಮೆಣಸಿನಕಾಯಿ ಸುಗ್ಗಿ ಇಳಿಮುಖವಾಗಿತ್ತು. ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಅಡ್ಡಾಡುತ್ತಿರಲಿಲ್ಲ. ಗುಡ್ಡಪ್ಪನವರು ಹೇಳದೆ ಕೇಳದೆ ಬಸ್ಸಿಗೆ ಬಂದಿಳಿದರು. ಒಂದು ಕೈಯಲ್ಲಿ ಸಾಮಾನಿನ ಚೀಲ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಏನೋ. ಬಿಚ್ಚಿ ತೋರಿಸಿದರು. ಅದೇ, ಪುಟ್ಟ ರೇಡಿಯೇಟರ್. ಹೊಚ್ಚ ಹೊಸದು.

“ಸಿಕ್ತ್ರಿ,” ಎಂದರು.

“ಇನ್ನ ಯಾಕ ಮಿಸ್ತ್ರಿ? ಕೂಡಾವ್ರ ಇಲ್ಲ,” ಎಂದೆ. ಅನ್ನಬಾರದಿತ್ತೇನೋ, ಬಾಯಿಗೆ ಬಂತು.

“ಅವ್ವಾರಿಗೆ ಮಾತ ಕೊಟ್ಟೇನ್ರಿ. ಕಾರಿನ ಕೀಲಿ ಕೊಡ್ರಿ.”

ಅಂಗಳದಲ್ಲಿ ಬಟ್ಟೆಯ ನೆರಳು ಕಟ್ಟಿ, ದಿನವಿಡೀ ಕಾರಿನ ಮುಂಭಾಗವನ್ನೆಲ್ಲ ಬಿಚ್ಚಿದರು. ಊಟಕ್ಕೆ ಕರೆದರೆ ಬರಲಿಲ್ಲ. ನಾನು ತಂಬಿಗೆಯಲ್ಲಿ ನೀರು ಒಯ್ದು ಕೊಟ್ಟೆ. ಅವರು, ಅವ್ವ ಮಲಗುತ್ತಿದ್ದ ನಡುಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಆಮೇಲೆ ಎತ್ತಿ ಕುಡಿದರು. ಎಲ್ಲ ಜೋಡಿಸಿ ಮುಗಿಸಿದಾಗ ಬಿಸಿಲು ಇನ್ನೂ ಇತ್ತು. ಇಂಜಿನ್ ಚಾಲು ಮಾಡಿ, ಡ್ರೈವರ್ ಸೀಟಿನಲ್ಲಿ ಕೂತು, ಪಕ್ಕದ ಬಾಗಿಲು ತೆಗೆದರು.

“ಅಲ್ಲಿ ಕುಂದ್ರಿ ಅಕ್ಕಾರ. ಅವ್ವಾರ ಕುಂದ್ರೂ ಜಾಗಾದಾಗ. ಚಪ್ಪಲಿ ಬಿಡ್ರಿ. ಗಾಜು ಏರಸ್ರಿ.”

ಅವ್ವ ಹೋದ ಮೇಲೆ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ದಿಂಬು ಕೂಡ ಅಲ್ಲಿಯೇ ಇತ್ತು. ಕೂತೆ. ಅವರು ಗುಂಡಿ ತಿರುವಿದರು. ಮೊದಲು ಧೂಳಿನ ವಾಸನೆ ಬಂತು, ಆಮೇಲೆ ನಿಧಾನಕ್ಕೆ ನನ್ನ ಪಾದದ ಮೇಲೆ ಬಿಸಿ ಗಾಳಿ. ಹೊರಗೆ ಏಪ್ರಿಲ್ಲಿನ ಬ್ಯಾಡಗಿ ಕಾದ ಹಂಚಾಗಿತ್ತು, ಒಳಗೆ ಇದು. ನನ್ನ ಹಣೆಯಿಂದ ಬೆವರು ಇಳಿಯತೊಡಗಿತು, ಅವರ ಅಂಗಿ ಬೆನ್ನಿಗೆ ಅಂಟಿತು.

“ಬರಾಕತ್ತೈತೇನ್ರಿ ಕಾಲಿಗೆ?”

“ಬರಾಕತ್ತೈತಿ.”

“ಬೆರಳಿಗೂ?”

“ಬೆರಳಿಗೂ ಬರಾಕತ್ತೈತಿ.”

ಅವರು ಕೈಚಾಚಿ ನನ್ನ ಪಾದದ ಹತ್ತಿರ ಗಾಳಿಗೆ ಅಂಗೈ ಹಿಡಿದರು. ನೆಲ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಎದುರಿನ ಗಾಜಿನ ಕಡೆ ನೋಡುತ್ತಿದ್ದರು.

“ಬೆಚ್ಚಗ ಐತೇನ್ರಿ?” ಎಂದು ಮತ್ತೆ ಕೇಳಿದರು.

ಅವರು ಕೇಳುತ್ತಿದ್ದದ್ದು ನನ್ನನ್ನಲ್ಲ. ಆದರೂ ಉತ್ತರ ಕೊಡಲು ಬೇರೆ ಯಾರಿದ್ದರು?

“ಬೆಚ್ಚಗೈತ್ರಿ ಮಿಸ್ತ್ರಿ,” ಎಂದೆ. “ಭಾಳ ಆರಾಮ ಅನಸಾಕತ್ತೈತಿ.”

ಅವರು ತಲೆಯಾಡಿಸಿದರು. ಕೈ ಅಲ್ಲಿಯೇ ಇತ್ತು. ಗಾಡಿಯೊಳಗೆ ಉಸಿರಾಡುವುದು ಕಷ್ಟವಾಗುವಷ್ಟು ಸೆಕೆ. ಗುಂಡಿ ನನ್ನ ಕೈಗೂ ಎಟುಕುತ್ತಿತ್ತು, ಅವರ ಕೈಗೂ ಎಟುಕುತ್ತಿತ್ತು. ನಾನು ಬಂದ್ ಮಾಡಲಿಲ್ಲ. ಅವರೂ ಮಾಡಲಿಲ್ಲ.